ಮಿಷನರಿಗಳು ಒಯ್ದ ಆಫ್ರಿಕಾದ ದೇವರುಗಳು ಊರಿಗೆ ವಾಪಸ್ ಹೋಗ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್ ಪುರವಣಿಯಲ್ಲಿ ಆಫ್ರಿಕಾದ ಮುಖವಾಡ, ಮರದ ಮೂರ್ತಿಗಳ ಬಗ್ಗೆ ಒಂದು ಲೇಖನ ಬಂದಿತ್ತಲ್ಲ, ಫೋಟೋಗಳು ತುಂಬ ಚೆನ್ನಾಗಿದ್ವು, ಆದ್ರೆ ಕ್ಯಾಥೊಲಿಕ್ ಮಿಷನರಿಗಳು ಯುರೋಪಿಗೆ ಕಳಿಸಿದ್ರಿಂದಾನೇ ಅವೆಲ್ಲ ಇವತ್ತು ಉಳಿದಿವೆ ಅಂತ ಬರೆದಿದ್ರು, ಅದನ್ನ ನಾನು ಒಪ್ಪಲ್ಲ.

1645ರಲ್ಲಿ ಕಾಂಗೋ ರಾಜ್ಯಕ್ಕೆ ಬಂದ ಕಪುಚಿನ್ ಅನ್ನೋ ಕ್ಯಾಥೊಲಿಕ್ ಪಂಗಡದ ಪಾದ್ರಿಗಳು ಅಲ್ಲಿನ ಜನರ ಪೂಜೆ ಸಾಮಾನುಗಳನ್ನ ಸುಟ್ಟು ಹಾಕಿದ್ರು. ಸುಟ್ಟವರೂ ಮಿಷನರಿಗಳೇ, ಆಮೇಲೆ ಪೆಟ್ಟಿಗೆ ಕಟ್ಟಿ ಕಳಿಸಿದವರೂ ಮಿಷನರಿಗಳೇ. ನಿಮ್ಮ ಲೇಖನದಲ್ಲಿದ್ದ ಮೈತುಂಬಾ ಮೊಳೆ ಹೊಡೆದ ಮೂರ್ತಿ ನೋಡಿ, ಅದು ಕಾಂಗೋ ಜನರ ಎನ್‌ಕಿಸಿ, ಅಂದ್ರೆ ಶಕ್ತಿ ತುಂಬಿದ ಮೂರ್ತಿ. ಎನ್‌ಗಂಗಾ ಅನ್ನೋ ಅವರ ವೈದ್ಯ-ಪೂಜಾರಿ ಅದರ ಹೊಟ್ಟೆ ಭಾಗದಲ್ಲಿ ಮದ್ದು ತುಂಬಿ ಮುಚ್ತಾನೆ, ಜಗಳ ತೀರ್ಮಾನ ಆದಾಗ, ಇಬ್ಬರು ಮಾತು ಕೊಟ್ಟು ಆಣೆ ಇಟ್ಟಾಗ ಒಂದು ಮೊಳೆ ಹೊಡೀತಾರೆ, ಅಂದ್ರೆ ಒಂದೊಂದು ಮೊಳೆ ಹಿಂದೇನೂ ಯಾರದೋ ವ್ಯಾಜ್ಯ, ಯಾರದೋ ಕಾಯಿಲೆ, ಯಾರೋ ಕೊಟ್ಟ ಮಾತು ಇರುತ್ತೆ. ಎಷ್ಟೋ ಮೂರ್ತಿಗಳು ಮ್ಯೂಸಿಯಂಗೆ ಸೇರೋ ಹೊತ್ತಿಗೆ ಆ ಮದ್ದೇ ಇರ್ಲಿಲ್ಲ. ಅದನ್ನ ಉಳಿಸಿದ್ದು ಅಂತ ಹೆಂಗೆ ಹೇಳೋದು?

ಈ ವಿಷಯಕ್ಕೂ ನಮ್ಮ ದಕ್ಷಿಣ ಭಾರತಕ್ಕೂ ಒಂದು ನಂಟಿದೆ, ಅದು ಲೇಖನದಲ್ಲಿ ಬರ್ಲೇ ಇಲ್ಲ. 1856ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಆಫ್ರಿಕನ್ ಮಿಷನ್ ಸಂಘ ಕಟ್ಟಿದ ಬ್ರೆಸಿಯಾಕ್ ಅದಕ್ಕೆ ಮುಂಚೆ ನಮ್ಮ ಪಕ್ಕದ ಕೊಯಮತ್ತೂರಲ್ಲಿ ಬಿಷಪ್ ಆಗಿದ್ದವರು. 1859ರಲ್ಲಿ ಪಶ್ಚಿಮ ಆಫ್ರಿಕಾದ ಫ್ರೀಟೌನ್‌ಗೆ ಹೋಗಿ ಕೆಲವೇ ವಾರದಲ್ಲಿ ಹಳದಿ ಜ್ವರಕ್ಕೆ ತೀರಿಕೊಂಡ್ರು. ಅವರ ನಂತರ ಬಂದ ಪ್ಲಾಂಕ್ ಅನ್ನೋರು ಆಫ್ರಿಕಾದಲ್ಲಿದ್ದ ಪಾದ್ರಿಗಳಿಗೆ ಅಲ್ಲಿನ ವಸ್ತು ಕಳಿಸಿ ಅಂತ ಹೇಳಿ 1861ರಲ್ಲಿ ಲಿಯೋನ್‌ನಲ್ಲಿ ಮ್ಯೂಸಿಯಂ ಶುರು ಮಾಡಿದ್ರು, ಅದು 2017ರಲ್ಲಿ ಮುಚ್ಚಿಹೋಯ್ತು. ಇದೇ ಸಂಘದ ಪಾದ್ರಿ ಕೆವಿನ್ ಕ್ಯಾರಲ್ ಬೇರೆ ಥರದ ಮನುಷ್ಯ, 1947ರಲ್ಲಿ ನೈಜೀರಿಯಾದ ಓಯೆ-ಎಕಿಟಿಯಲ್ಲಿ ಯೊರುಬಾ ಜನಾಂಗದ ಮರಗೆತ್ತನೆಯವರಿಗೆ ಚರ್ಚಿನ ಬಾಗಿಲು, ವಿಗ್ರಹ ಕೆತ್ತೋ ಕೆಲಸ ಕೊಟ್ರು, ಬಂಡೆಲೆ, ಲಮಿಡಿ ಫಕೆಯೆ ಥರದವರ ಕಸುಬು ನಡೀತು, ಹೆಸರೂ ದಾಖಲಾಯ್ತು. ಉಳಿಸಿದ್ರು ಅಂದ್ರೆ ನಾನು ಒಪ್ಪೋದು ಇದನ್ನ.

ನಾನು ತಿಪಟೂರು ಕಡೆಯವನು. ನಮ್ಮಲ್ಲಿ ಜಾತ್ರೆಗೆ ಸೋಮ ಹೊರಡುತ್ತೆ, ಮರದ ದೊಡ್ಡ ಮುಖ, ಕೆಂಪು ಬಣ್ಣದ್ದು ಹಳದಿ ಬಣ್ಣದ್ದು, ಅಮ್ಮನ ಬಂಟ ಅಂತ ಕೈಮುಗೀತೀವಿ, ಹರಕೆ ಹೊರ್ತೀವಿ. ಆ ಮುಖ ಒಂದನ್ನೇ ಕಿತ್ತು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ 'ಮುಖವಾಡ, ದಕ್ಷಿಣ ಭಾರತ' ಅಂತ ಚೀಟಿ ಅಂಟಿಸಿದ್ರೆ ಬಡಿಯೋ ಡೋಣು ಎಲ್ಲಿ, ಊದೋ ಮೌರಿ ಎಲ್ಲಿ, ಕುಣಿಯೋನು ಎಲ್ಲಿ, ಅಮ್ಮ ಎಲ್ಲಿ? ಆಫ್ರಿಕಾದ ಎಷ್ಟೋ ಮುಖವಾಡಕ್ಕೆ ಇದೇ ಗತಿ ಆಗಿದೆ, ಮಾಡಿದವನ ಹೆಸರಿಲ್ಲ, ಊರಿನ ಹೆಸರೂ ಇಲ್ಲ, ಕೊಟ್ಟ ಪಾದ್ರಿ ಹೆಸರು ಮಾತ್ರ ಇರುತ್ತೆ. ಇದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷಯ.

ವ್ಯಾಟಿಕನ್‌ನಲ್ಲಿ 1925ರಲ್ಲಿ ಪೋಪ್ 11ನೇ ಪಯಸ್ ನಡೆಸಿದ ಪ್ರದರ್ಶನಕ್ಕೆ ಪ್ರಪಂಚದ ಎಲ್ಲ ಕಡೆಯಿಂದ 1 ಲಕ್ಷದಷ್ಟು ವಸ್ತು ಬಂದಿದ್ವು, ಅದರಲ್ಲಿ ಸುಮಾರು 40 ಸಾವಿರ ಅಲ್ಲೇ ಉಳಿದ್ವು. ಎಲ್ಲ ಉಡುಗೊರೆ ಅಂತಾರೆ, ಆದ್ರೆ ಪರದೇಶದವರು ಬಂದು ಆಳ್ತಿದ್ದ ಕಾಲದಲ್ಲಿ ಕೊಡಲ್ಲ ಅನ್ನೋ ಧೈರ್ಯ ಎಷ್ಟು ಜನಕ್ಕೆ ಇತ್ತು? 2025ರ ನವೆಂಬರ್‌ನಲ್ಲಿ ಪೋಪ್ 14ನೇ ಲಿಯೋ 62 ವಸ್ತುಗಳನ್ನ ಕೆನಡಾದ ಬಿಷಪ್‌ಗಳಿಗೆ ಒಪ್ಪಿಸಿದ್ರು, ಅವು ಅಲ್ಲಿನ ಮೂಲನಿವಾಸಿಗಳಿಗೆ ಸೇರಬೇಕಾದವು. ಒಳ್ಳೇ ಕೆಲಸ. ಆಫ್ರಿಕಾದವರಿಗೂ ಹಂಗೇ ಕೊಡ್ಬೇಕು, ಅವರು ಅದನ್ನ ಪೂಜೆ ಮಾಡ್ತಾರೋ ಮ್ಯೂಸಿಯಂನಲ್ಲಿ ಇಡ್ತಾರೋ ಅವರಿಗೆ ಬಿಟ್ಟಿದ್ದು.

ದಯವಿಟ್ಟು ಇನ್ನೊಂದು ಲೇಖನ ಹಾಕಿ, ಪ್ರತಿ ಫೋಟೋ ಕೆಳಗೆ ಯಾವ ಜನರದ್ದು, ಯಾವ ಊರಿಂದ ಹೋಯ್ತು, ಯಾರು ತಗೊಂಡು ಹೋದ್ರು ಅನ್ನೋದನ್ನ ಸಿಕ್ಕಷ್ಟಾದ್ರೂ ಬರೆಯಿರಿ. ಹಂಗೇ ನಮ್ಮ ಜಿಲ್ಲೆಯ ಹಳೇ ಸೋಮಗಳ ಬಗ್ಗೇನೂ ಒಬ್ಬ ವರದಿಗಾರರನ್ನ ಕಳಿಸಿ ಬರೆಸಿ.

ಇತಿ,
ನಿಮ್ಮ ಓದುಗ
ತಿಪಟೂರು, ತುಮಕೂರು ಜಿಲ್ಲೆ