ಗೆರೆಯ ಮೇಲೊಂದು ಮಾತಿರಲಿ

ಮಾನ್ಯ ಸಂಪಾದಕರೇ,

ಸ್ವಂತ ಟಿಪ್ಪಣಿ, ದಾಖಲೆಗಳನ್ನು ನಕ್ಷೆಯಾಗಿ ಜೋಡಿಸಿ ತೋರಿಸುವ ತಂತ್ರಾಂಶಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಟಿಪ್ಪಣಿಗಳ ನಡುವೆ ಕೊಂಡಿಗಳು, ಅಂದರೆ ಅವನ್ನು ಜೋಡಿಸುವ ಗೆರೆಗಳು, ಹೆಚ್ಚಿದಷ್ಟೂ ನಕ್ಷೆಯ ಉಪಯೋಗ ಹೆಚ್ಚುತ್ತದೆ ಎಂಬ ಅದರ ನಿಲುವನ್ನು ಮಾತ್ರ, ಕೆಲವು ವರ್ಷ ಇಂಥದ್ದೊಂದನ್ನು ಬಳಸಿದ ನನಗೆ, ಒಪ್ಪಲಾಗುತ್ತಿಲ್ಲ.

ಲೇಖನವು ಮೈಂಡ್ ಮ್ಯಾಪ್ ಮತ್ತು ಕಾನ್ಸೆಪ್ಟ್ ಮ್ಯಾಪ್ ಎರಡನ್ನೂ ಒಂದೇ ಎಂಬಂತೆ ಬಳಸಿದೆ. ಬ್ರಿಟಿಷ್ ಲೇಖಕ ಟೋನಿ ಬುಜಾನ್ ಜನಪ್ರಿಯಗೊಳಿಸಿದ ಮೈಂಡ್ ಮ್ಯಾಪ್‌ನಲ್ಲಿ ನಡುವೆ ಒಂದು ವಿಷಯ, ಸುತ್ತ ಕೊಂಬೆಗಳು. ಅಲ್ಲಿ ಗೆರೆಗೆ ‘ಇದು ಅದಕ್ಕೆ ಸೇರಿದ್ದು’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಮಕ್ಕಳಲ್ಲಿ ವಿಜ್ಞಾನದ ತಿಳಿವಳಿಕೆ ಹೇಗೆ ಬದಲಾಗುತ್ತದೆಂದು ಗುರುತಿಸಲು 1970ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಸಂಗಡಿಗರು ರೂಪಿಸಿದ ಕಾನ್ಸೆಪ್ಟ್ ಮ್ಯಾಪ್‌ನಲ್ಲಾದರೋ ಪ್ರತಿ ಗೆರೆಯ ಮೇಲೂ ಸಂಬಂಧವನ್ನು ಹೇಳುವ ಮಾತೊಂದು ಇರಲೇಬೇಕು. ಆಗ ವಿಷಯಗಳನ್ನು ಬರೆದ ಎರಡು ಪೆಟ್ಟಿಗೆಗಳೂ ಆ ಮಾತೂ ಸೇರಿ, ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದಾದ ಒಂದು ಹೇಳಿಕೆಯಾಗುತ್ತದೆ. ಅಬ್ಸಿಡಿಯನ್‌ನಂಥ ಇಂದಿನ ಟಿಪ್ಪಣಿ ತಂತ್ರಾಂಶಗಳಲ್ಲಿ ಎಲ್ಲ ಟಿಪ್ಪಣಿಗಳನ್ನೂ ಜಾಲದಂತೆ ತೋರಿಸುವ ಗ್ರಾಫ್ ನೋಟದಲ್ಲಿ ಸಾಮಾನ್ಯವಾಗಿ ಕಾಣುವುದು ಬರಿಯ ಚುಕ್ಕಿ ಮತ್ತು ಗೆರೆ.

ಇದರಿಂದಾಗುವ ತೊಂದರೆ ನನಗೆ ಅರಿವಾದದ್ದು ಮನೆಯವರ ವೈದ್ಯಕೀಯ ಕಾಗದಪತ್ರಗಳನ್ನು ಜೋಡಿಸುವಾಗ. ‘ನೋವಿನ ಮಾತ್ರೆ’ ಮತ್ತು ‘ರಕ್ತದೊತ್ತಡ’ ಎಂಬ ಎರಡು ಟಿಪ್ಪಣಿಗಳ ನಡುವೆ ಎಂದೋ ಒಂದು ಗೆರೆ ಎಳೆದಿದ್ದೆ. ವರ್ಷದ ನಂತರ ನೋಡಿದರೆ, ಆ ಮಾತ್ರೆ ಒತ್ತಡವನ್ನು ಹೆಚ್ಚಿಸಬಹುದೆಂದು ವೈದ್ಯರು ಎಚ್ಚರಿಸಿದ್ದರೋ, ನೋವಿಗೂ ಒತ್ತಡಕ್ಕೂ ಒಂದೇ ಚೀಟಿಯಲ್ಲಿ ಔಷಧ ಬರೆದಿದ್ದರೋ ನೆನಪಾಗಲಿಲ್ಲ. ಕೆಲವು ನೋವುನಿವಾರಕಗಳು ರಕ್ತದೊತ್ತಡವನ್ನು ಏರಿಸುವುದು ನಿಜವಾದ್ದರಿಂದ ಇದು ಸಣ್ಣ ಗೊಂದಲವಲ್ಲ. ಹೆಸರಿಲ್ಲದ ಗೆರೆಗಳನ್ನೆಲ್ಲ ಅಳಿಸುತ್ತ ಹೋದಾಗ ನಕ್ಷೆಯ ಮುಕ್ಕಾಲು ಪಾಲು ಖಾಲಿಯಾಯಿತು. ಅಲ್ಲಿಯವರೆಗೆ ಅದು ಬಲು ಅಂದವಾಗಿ ಕಾಣುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹೆಸರಿಡಲು ಹೊರಟಾಗ ಕನ್ನಡದಲ್ಲಿ ಬರೆಯುವವರಿಗೆ ಬೇರೊಂದು ತೊಡಕು ಎದುರಾಗುತ್ತದೆ. ಈ ಪದ್ಧತಿ ಇಂಗ್ಲಿಷಿನ ವಾಕ್ಯಕ್ರಮಕ್ಕೆ ಒಗ್ಗಿದ್ದು: ಕರ್ತೃ ಒಂದು ಪೆಟ್ಟಿಗೆಯಲ್ಲಿ, ಕ್ರಿಯಾಪದ ಗೆರೆಯ ಮೇಲೆ, ಕರ್ಮ ಇನ್ನೊಂದು ಪೆಟ್ಟಿಗೆಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ನೋವಿನ ಮಾತ್ರೆ – ಹೆಚ್ಚಿಸಬಹುದು – ರಕ್ತದೊತ್ತಡ’ ಎಂದು ಓದುವಾಗ ನಾಲಿಗೆ ತಡವರಿಸುತ್ತದೆ. ವಿಭಕ್ತಿ ಪ್ರತ್ಯಯವನ್ನು ಎಲ್ಲಿ ಇಡಬೇಕೆಂಬುದೂ ತೋಚುವುದಿಲ್ಲ. ಪೆಟ್ಟಿಗೆಯಲ್ಲಿ ಪದದ ಮೂಲರೂಪವನ್ನಷ್ಟೇ ಇಟ್ಟು, ಪ್ರತ್ಯಯವನ್ನೂ ಗೆರೆಗೇ ಬಿಟ್ಟು, ‘–ವನ್ನು ಹೆಚ್ಚಿಸಬಹುದು’ ಎಂದು ಬರೆದು ಬಾಣದ ಗುರುತು ಹಾಕುವುದು ನಾನು ಕಂಡುಕೊಂಡ ದಾರಿ. ಇದಕ್ಕಿಂತ ಸೊಗಸಾದ ಉಪಾಯ ಓದುಗರಲ್ಲಿ ಯಾರಿಗಾದರೂ ಹೊಳೆದಿದ್ದರೆ ತಿಳಿಯುವ ಕುತೂಹಲವಿದೆ.

ಹೆಸರಿಡುವುದು ಹೊಸ ಬೇಡಿಕೆಯೇನಲ್ಲ. 1945ರಲ್ಲಿ ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್, ಸ್ವಂತ ದಾಖಲೆಗಳನ್ನು ಕೂಡಿಟ್ಟು ಜೋಡಿಸುವ ಮೆಮೆಕ್ಸ್ ಎಂಬ ಕಾಲ್ಪನಿಕ ಯಂತ್ರವನ್ನು ವರ್ಣಿಸಿದಾಗಲೇ, ದಾಖಲೆಯಿಂದ ದಾಖಲೆಗೆ ಜಾಡು ಹಾಕುವವನು ಆ ಜಾಡಿಗೆ ತಾನೇ ಹೆಸರು ಕೊಡುತ್ತಾನೆ ಎಂದಿದ್ದರು.

ಇನ್ನೊಂದು ಮಾತು, ಕಡತಗಳ ಬಗ್ಗೆ. ತಂತ್ರಾಂಶ ಬದಲಿಸುವಾಗ ಹಲವರು ನೆಚ್ಚುವ ಓಪಿಎಂಎಲ್ ಎಂಬ ಕಡತ ವಿನ್ಯಾಸವು ಮರದಂತೆ ಕವಲೊಡೆಯುವ ಪಟ್ಟಿಯನ್ನು ಉಳಿಸುತ್ತದೆಯೇ ಹೊರತು, ಕೊಂಬೆಯಿಂದ ಕೊಂಬೆಗೆ ಎಳೆದ ಅಡ್ಡಗೆರೆಗಳಿಗೆ ಅದರಲ್ಲಿ ಜಾಗವಿಲ್ಲ. ನಾನು ಹಾಗೆ ಸ್ಥಳಾಂತರಿಸಿದಾಗ ಪದಗಳೆಲ್ಲ ಬಂದವು, ಸಂಬಂಧಗಳು ಹಿಂದೆಯೇ ಉಳಿದವು. ಆದ್ದರಿಂದ ಇನ್ನು ಮುಂದೆ ಇಂಥ ತಂತ್ರಾಂಶಗಳನ್ನು ಹೋಲಿಸುವ ಲೇಖನ ಪ್ರಕಟಿಸುವಾಗ, ಗೆರೆಗೆ ಹೆಸರು ಕೊಡಲು ಅವಕಾಶವಿದೆಯೇ ಮತ್ತು ಆ ಹೆಸರು ಹೊರತೆಗೆದ ಕಡತದಲ್ಲೂ ಉಳಿಯುತ್ತದೆಯೇ ಎಂಬ ಎರಡು ವಿವರಗಳನ್ನು ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ