ನನಗಾಗಿ ಸಮಯ ಗೊತ್ತುಮಾಡಿದವರಿಗೆ

ಪ್ರೊಬೇಷನ್ ಅವಧಿ ಮುಗಿದು ಹೊಸ ಕೆಲಸ ಕಾಯಂ ಆಗಿರುವ ಪತ್ರ ಈ ವಾರ ಕೈಸೇರಿದೆ. ಈ ಹೊತ್ತಿನಲ್ಲಿ ಕೆಲವರಿಗೆ ಎಲ್ಲರೆದುರು ಕೃತಜ್ಞತೆ ಸಲ್ಲಿಸದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ದೀರ್ಘಕಾಲ ದುಡಿದ ಲೆಕ್ಕಪತ್ರ ವಿಭಾಗವನ್ನೇ ಮುಚ್ಚಲಾಗುತ್ತಿದೆ ಎಂದು ತಿಳಿಸಿ ಹಳೆಯ ಸಂಸ್ಥೆ ನನ್ನನ್ನು ಬಿಡುಗಡೆ ಮಾಡಿದಾಗ, ಐವತ್ತರ ಅಂಚಿನಲ್ಲಿದ್ದ ನಾನು ಮತ್ತೆ ವಿದ್ಯಾರ್ಥಿಯಾಗಿ, ಕೋಷ್ಟಕಗಳಲ್ಲಿರುವ ಮಾಹಿತಿಯನ್ನು ಹುಡುಕಿ ತೆಗೆಯುವ ಕಂಪ್ಯೂಟರ್ ಭಾಷೆಯಾದ ಎಸ್‌ಕ್ಯುಎಲ್ ಕಲಿಯಬಲ್ಲೆ ಎಂದು ನನಗಿಂತ ಮೊದಲು ನಂಬಿದವರು ಇವರು.

ಕೆಲಸ ಹೋದವರಿಗೆ ಕಲಿಯಲು ಸಮಯಕ್ಕೇನು ಕೊರತೆ ಎಂದು ನೋಡುವವರಿಗೆ ಅನ್ನಿಸುವುದು ಸಹಜ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆನ್‌ಥಾಲ್ ಎಂಬಲ್ಲಿ ಬಟ್ಟೆ ಗಿರಣಿ ಮುಚ್ಚಿ ಹೆಚ್ಚುಕಡಿಮೆ ಇಡೀ ಊರೇ ನಿರುದ್ಯೋಗಕ್ಕೆ ಬಿದ್ದಾಗ, ಅಲ್ಲಿ ಅಧ್ಯಯನ ನಡೆಸಿದ ಸಮಾಜ ಸಂಶೋಧಕಿ ಮಾರಿ ಯಹೋಡಾ ಮತ್ತು ಸಂಗಡಿಗರಿಗೆ ಕಂಡದ್ದು ಬೇರೆ: ದಿನವಿಡೀ ಬಿಡುವಿದ್ದರೂ ಜನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಮೊದಲಿಗಿಂತ ಬಹಳ ಕಡಿಮೆಯಾಗಿತ್ತು. ಆ ಮೊದಲ ತಿಂಗಳುಗಳ ನನ್ನ ಸ್ಥಿತಿಯೂ ಹಾಗೆಯೇ ಇತ್ತು. ಪುಸ್ತಕ ತೆರೆದಿರುತ್ತಿತ್ತು, ಕಣ್ಣು ಸಾಲುಗಳ ಮೇಲೆ ಓಡುತ್ತಿತ್ತು, ತಲೆಗೆ ಮಾತ್ರ ಏನೂ ಇಳಿಯುತ್ತಿರಲಿಲ್ಲ. ಇಂಥ ಹೊತ್ತಿಗೆ ಇಂಥಲ್ಲಿ ನಿನ್ನನ್ನು ಕಾಯುತ್ತೇನೆ ಎನ್ನುವವರು ಇಲ್ಲದಿದ್ದರೆ ಬಿಡುವು ಎಂಬುದು ಎಷ್ಟು ಭಾರವಾಗುತ್ತದೆ ಎನ್ನುವುದನ್ನು ಅನುಭವಿಸಿದವರೇ ಬಲ್ಲರು.

ಮೊದಲ ಕೃತಜ್ಞತೆ ನನ್ನ ಅಕ್ಕನಿಗೆ. ಪ್ರತಿ ಸಂಜೆ ಏಳಕ್ಕೆ ಫೋನ್ ಮಾಡಿ, "ಇವತ್ತು ಏನು ಕಲಿತೆ? ಪುಸ್ತಕ ಮುಚ್ಚಿಟ್ಟು ಹೇಳು" ಎನ್ನುತ್ತಿದ್ದಳು. ಆ ವಿಷಯ ಅವಳಿಗೆ ಗೊತ್ತಿರಲಿಲ್ಲ, ಆದರೂ ನಾನು ತಡವರಿಸಿದ ಕಡೆಯೆಲ್ಲ "ಅದು ಯಾಕೆ ಹಾಗೆ?" ಎಂದು ಬಿಡದೆ ಕೇಳುತ್ತಿದ್ದಳು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ನಾನು ಓದಿದ್ದು ಆಮೇಲೆ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರ ಕಳೆದ ಮೇಲೆ ಹೆಚ್ಚು ನೆನಪಿಟ್ಟುಕೊಂಡಿದ್ದವರು, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರೇ. ಯಾವ ಶಾಸ್ತ್ರವನ್ನೂ ಓದದ ಅಕ್ಕ ಮಾಡಿಸಿದ್ದು ಅದನ್ನೇ.

ಎರಡನೆಯದು, ನನಗೆ ಎಸ್‌ಕ್ಯುಎಲ್ ಕಲಿಸಿದ, ನನ್ನ ಮಗಳ ವಯಸ್ಸಿನ ಗುರುವಿಗೆ. ಹೊಚ್ಚಹೊಸ ವಿದ್ಯೆಯೊಂದರ ಮುಂದೆ ಕುಳಿತಿದ್ದೇನೆ ಎಂಬ ನನ್ನ ಅಂಜಿಕೆಯನ್ನು ಅವರು ಮೊದಲ ತರಗತಿಯಲ್ಲೇ ಬಿಡಿಸಿದರು: ಇದರ ಬುನಾದಿಯಾದ, ಮಾಹಿತಿಯನ್ನು ಕೋಷ್ಟಕಗಳಾಗಿ ಜೋಡಿಸಿಡುವ ದತ್ತಾಂಶ ಮಾದರಿಯನ್ನು ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಪ್ರಕಟಿಸಿದ್ದು 1970ರಲ್ಲಿ, ಅಂದರೆ ನಾನು ಹುಟ್ಟುವ ಮೊದಲೇ. ಮುಂದೊಂದು ದಿನ ಬಿಲ್ಲುಗಳ ಒಂದು ಕೋಷ್ಟಕ, ಪಾವತಿಗಳ ಇನ್ನೊಂದು ಕೋಷ್ಟಕ ಕೊಟ್ಟು, ಎರಡನ್ನೂ ಲೆಫ್ಟ್ ಜಾಯಿನ್ ಮೂಲಕ, ಅಂದರೆ ಎಡಗಡೆಯ ಕೋಷ್ಟಕದ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಅವಕ್ಕೆ ಹೊಂದುವ ಬಲಗಡೆಯ ಸಾಲುಗಳನ್ನು ಜೋಡಿಸುವ ಆದೇಶದ ಮೂಲಕ, ಸೇರಿಸಲು ಹೇಳಿದರು. ಎಡಗಡೆ ಎಲ್ಲ ಬಿಲ್ಲುಗಳೂ ಬಂದವು. ಪಾವತಿಯೇ ಆಗದ ಬಿಲ್ಲುಗಳ ಬಲಗಡೆ "ನಲ್" ಎಂದು ಮೂಡಿತು. ವರ್ಷಗಟ್ಟಲೆ ಲೆಡ್ಜರಿನ ಮೇಲೆ ಸ್ಕೇಲು ಇಟ್ಟು, ಕೆಂಪು ಪೆನ್ಸಿಲಿನಿಂದ ಟಿಕ್ ಹಾಕುತ್ತ ತಾಳೆ ನೋಡಿ ನಾನು ತಯಾರಿಸುತ್ತಿದ್ದ ಬಾಕಿ ಪಟ್ಟಿ ಅದು! ನಲ್ ಎಂದರೆ ಸೊನ್ನೆಯಲ್ಲ, ಆ ಜಾಗದಲ್ಲಿ ಮೌಲ್ಯವೇ ಇಲ್ಲ ಎಂದು ಅವರು ವಿವರಿಸಿದಾಗ, ಸೊನ್ನೆ ರೂಪಾಯಿಯ ಜಮೆಗೂ ಜಮೆಯೇ ಆಗದಿರುವುದಕ್ಕೂ ಇರುವ ವ್ಯತ್ಯಾಸ ನನಗೆ ಯಾರೂ ಹೇಳದೆಯೇ ಗೊತ್ತಿತ್ತು. ಹಳೆಯ ಅನುಭವ ವ್ಯರ್ಥವಾಗಿಲ್ಲ ಎಂಬುದನ್ನು ಸಮಾಧಾನದ ಮಾತಿನಲ್ಲಿ ಹೇಳದೆ ಕೋಷ್ಟಕದಲ್ಲಿ ತೋರಿಸಿಕೊಟ್ಟ ಆ ಗುರುವಿಗೆ ನಾನು ಸದಾ ಋಣಿ.

ಮನೆಯ ಖರ್ಚನ್ನು ಒಂಟಿಯಾಗಿ ಹೊತ್ತು, "ಇನ್ನೂ ಎಷ್ಟು ದಿನ?" ಎಂದು ಒಮ್ಮೆಯೂ ಕೇಳದ ಬಾಳಸಂಗಾತಿಗೆ, ಸಂದರ್ಶನಕ್ಕೆ ಮುನ್ನ ಎದುರು ಕುಳಿತು ಕಠಿಣ ಪ್ರಶ್ನೆಗಳನ್ನೇ ಕೇಳಿ ಅಭ್ಯಾಸ ಮಾಡಿಸಿದ ಹಳೆಯ ಸಹೋದ್ಯೋಗಿಗೆ, ನನ್ನ ವಯಸ್ಸನ್ನು ಬದಿಗಿಟ್ಟು ಕೆಲಸ ಮಾಡಿ ತೋರಿಸಲು ಅವಕಾಶ ಕೊಟ್ಟ ಹೊಸ ಮೇಲಧಿಕಾರಿಗೆ ಮನಃಪೂರ್ವಕ ವಂದನೆಗಳು.

ಅಕ್ಕನ ಫೋನು ಈಗಲೂ ಏಳಕ್ಕೆ ಬರುತ್ತದೆ. ಕಲಿಯುವುದು ಇನ್ನೂ ಬಹಳವಿದೆ. ಕೆಲಸ ಕಳೆದುಕೊಂಡು ಇದೇ ವಿದ್ಯೆಯನ್ನು ಕಲಿಯಲು ಹೊರಟಿರುವ ಪರಿಚಿತರು ಯಾರಾದರೂ ಇದ್ದರೆ, ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗಿನ ಸಮಯವನ್ನು ಅವರಿಗಾಗಿ ಮೀಸಲಿಟ್ಟಿದ್ದೇನೆ. ಸಂಕೋಚಪಡದೆ ತಿಳಿಸಿ.