ಕನಸು ಕಂಡವನನ್ನು ಮರೆಯಬೇಡ

ಚಿ. ವಸುಧಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಮಧ್ಯಯುಗದ ಯುರೋಪಿನ ಸ್ವಪ್ನಕಾವ್ಯಗಳ ಮೇಲೆ ನೀನು ಪ್ರಬಂಧ ಬರೆಯಲು ಹೊರಟಿರುವುದು ನನಗೆ ಬಹಳ ಸಂತೋಷದ ಸಂಗತಿ. ಆದರೆ ನೀನು ಕಳಿಸಿದ ರೂಪುರೇಷೆಯಲ್ಲಿ ಗುಲಾಬಿಗೆ ಇದು ಅರ್ಥ, ಹೊಳೆಗೆ ಅದು ಅರ್ಥ ಎಂದು ಕನಸಿನೊಳಗಿನ ವಸ್ತುಗಳನ್ನೆಲ್ಲ ಬಿಡಿಸುತ್ತಾ ಹೋಗಿದ್ದೀಯೆ. ಕನಸು ಕಂಡವನಿಗೆ ಅಲ್ಲಿ ಜಾಗವೇ ಇಲ್ಲ. ಲ್ಯಾಟಿನ್ ಲೇಖಕ ಮ್ಯಾಕ್ರೋಬಿಯಸ್ ಐದನೆಯ ಶತಮಾನದಲ್ಲಿ ಮಾಡಿದ ಐದು ಬಗೆಯ ಕನಸುಗಳ ವಿಂಗಡಣೆಗೂ ಒಂದು ಪ್ಯಾರಾ ಸಾಕು. ಈ ಕಾವ್ಯಗಳ ಜೀವ ಇರುವುದು ಕನಸು ಕಂಡವನು ಏನು ಕೇಳುತ್ತಾನೆ, ಏನನ್ನು ತಿಳಿಯದೆ ಹೋಗುತ್ತಾನೆ, ಹೇಗೆ ಎಚ್ಚರಗೊಳ್ಳುತ್ತಾನೆ ಎಂಬುದರಲ್ಲಿ.

1368ರಲ್ಲಿ ತೀರಿಕೊಂಡ ಲ್ಯಾಂಕಾಸ್ಟರಿನ ಡಚೆಸ್ ಬ್ಲಾಂಚ್‌ಳ ನೆನಪಿಗೆಂದು ಇಂಗ್ಲಿಷ್ ಕವಿ ಚಾಸರ್ ಬರೆದ 'ದಿ ಬುಕ್ ಆಫ್ ದಿ ಡಚೆಸ್' ಕಾವ್ಯವನ್ನೇ ನೋಡು. ಓಕ್ ಮರಕ್ಕೊರಗಿ ಕುಳಿತ ಕಪ್ಪುಡುಗೆಯ ಯುವಕ ತನ್ನ ಪ್ರಿಯತಮೆ ಸತ್ತಳೆಂದು ಹಾಡಿಕೊಳ್ಳುವುದನ್ನು ಕನಸಿಗ ಮರೆಯಲ್ಲಿ ನಿಂತು ಕೇಳಿಸಿಕೊಂಡಿರುತ್ತಾನೆ. ಆದರೂ ಆ ಯುವಕ, ವಿಧಿಯೊಡನೆ ಚದುರಂಗವಾಡಿ ರಾಣಿಯನ್ನು ಕಳೆದುಕೊಂಡೆ ಎಂದಾಗ, ಒಂದು ಕಾಯಿಗಾಗಿ ಯಾರಾದರೂ ಇಷ್ಟು ಗೋಳಾಡುತ್ತಾರೆಯೇ ಎಂದು ಕನಸಿಗ ಕೇಳುತ್ತಾನೆ. ಇದನ್ನು ದಡ್ಡತನವೆಂದು ಓದುವವರಿದ್ದಾರೆ. ನನಗೆ ಇದು ದುಃಖಿತನ ಬಾಯಿಂದಲೇ ದುಃಖವನ್ನು ಹೊರಡಿಸುವ ಸೌಜನ್ಯವಾಗಿ ಕಾಣುತ್ತದೆ. ಕೊನೆಗೆ 'ಅವಳು ಸತ್ತಳು' ಎಂಬ ಮಾತು ನೇರವಾಗಿ ಬಂದ ಮೇಲೆ ಕನಸು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹೆಸರು ತಿಳಿಯದ ಇಂಗ್ಲಿಷ್ ಕವಿಯೊಬ್ಬನ 'ಪರ್ಲ್' (ಮುತ್ತು) ಇನ್ನೂ ಕಠಿಣವಾದದ್ದು. ಎರಡು ವರ್ಷವೂ ತುಂಬದ ಮಗುವನ್ನು ಕಳೆದುಕೊಂಡವನು, ತನ್ನ ಮುತ್ತು ಮಣ್ಣುಪಾಲಾದ ತೋಟದ ದಿಬ್ಬದ ಮೇಲೆ ಆಗಸ್ಟ್ ತಿಂಗಳಲ್ಲಿ ನಿದ್ದೆಹೋಗುತ್ತಾನೆ. ಕನಸಿನಲ್ಲಿ ಅವಳು ಹೊಳೆಯ ಆಚೆ ದಡದಲ್ಲಿ, ಮೈತುಂಬ ಮುತ್ತು ತೊಟ್ಟು, ಸ್ವರ್ಗದ ರಾಣಿಯಾಗಿ ನಿಂತಿದ್ದಾಳೆ. ಪ್ರಾರ್ಥನೆಯನ್ನೂ ಕಲಿಯದ ಕೂಸು ರಾಣಿಯಾದದ್ದು ಹೇಗೆಂದು ತಂದೆ ವಾದಕ್ಕಿಳಿಯುತ್ತಾನೆ. ಮಗಳು ಗದರಿಸಿ, ಧರ್ಮಗ್ರಂಥದ ಆಧಾರ ಕೊಟ್ಟು ತಿಳಿಹೇಳುತ್ತಾಳೆ. ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ, ದಿವ್ಯನಗರವನ್ನೂ ಕಾಣುತ್ತಾನೆ, ಆದರೂ ತಡೆಯಲಾರದೆ ಹೊಳೆಗೆ ನುಗ್ಗಿದೊಡನೆ ಅದೇ ದಿಬ್ಬದ ಮೇಲೆ ಎಚ್ಚರಗೊಳ್ಳುತ್ತಾನೆ. ಹೊಳೆ ಎಂದರೆ ಸಾವು ಎಂದಷ್ಟೇ ಬರೆದು ಮುಗಿಸಿದರೆ, ಬುದ್ಧಿಗೆ ತಿಳಿದದ್ದು ತಂದೆಯ ಕರುಳಿಗೆ ಇಳಿಯದ ಈ ಸಂಕಟ ನಿನ್ನ ಪ್ರಬಂಧದಿಂದ ಜಾರಿಹೋಗುತ್ತದೆ.

ಪುನರುಜ್ಜೀವನ ಕಾಲಕ್ಕೆ ಬಂದಾಗ, 1499ರಲ್ಲಿ ವೆನಿಸ್‌ನಲ್ಲಿ ಆಲ್ಡಸ್ ಮನೂಷಿಯಸ್ ಅಚ್ಚುಹಾಕಿದ ಪೋಲಿಫಿಲೋನ ಕನಸಿನ ಕಥೆಯನ್ನು ಇದರ ಪಕ್ಕದಲ್ಲಿಡು. ಅಲ್ಲಿಯೂ ಅವನ ಪ್ರಿಯತಮೆ ಪೋಲಿಯಾ ಅಪ್ಪುಗೆಯಲ್ಲೇ ಕರಗಿಹೋದಾಗ ಅವನಿಗೆ ಎಚ್ಚರವಾಗುತ್ತದೆ. ಆದರೆ ಅದರ ಕಟ್ಟಡಗಳ ವರ್ಣನೆಯಲ್ಲಿ ಕಳೆದುಹೋಗಬೇಡ.

'ಪರ್ಲ್'ನ 1212 ಸಾಲುಗಳನ್ನು ಮೂಲದ ಮಧ್ಯಕಾಲೀನ ಇಂಗ್ಲಿಷಿನಲ್ಲೇ, ಗಟ್ಟಿಯಾಗಿ ಓದಿಕೋ. ಒಂದು ಪದ್ಯದ ಕೊನೆಯ ಪದ ಮುಂದಿನ ಪದ್ಯದ ಮೊದಲ ಸಾಲಿಗೆ ಕೊಂಡಿಯಾಗುವುದು ಕಿವಿಗೆ ಬಿದ್ದ ಮೇಲೆ ಮೊದಲ ಅಧ್ಯಾಯಕ್ಕೆ ಕೈ ಹಾಕು. ಬರೆದಷ್ಟನ್ನು ನನಗೆ ಕಳಿಸು.

ಇಂತಿ,
ನಿನ್ನ ಮಾವ